ಜರ್ಬಿಲ್ ಜೋಡಿಗೊಂದು ಮನೆ

‘ಎರಡೂ ಹೆಣ್ಣು’ ಎಂದು ನಂಬಿ ಅಂಗಡಿಯಿಂದ ತಂದ, ಇಲಿಯಂಥ ಸಾಕುಪ್ರಾಣಿ ಜರ್ಬಿಲ್‌ಗಳ ಜೋಡಿ. ಕೆಲವೇ ವಾರಗಳಲ್ಲಿ ಪಂಜರದ ತುಂಬ ಮರಿಗಳು!

ಬ್ರಿಟನ್ನಿನ ಆರ್‌ಎಸ್‌ಪಿಸಿಎಯಂಥ ಪ್ರಾಣಿದಯಾ ಸಂಸ್ಥೆಗಳ ಆಶ್ರಯಕ್ಕೆ ಈ ಪುಟ್ಟ ಜೀವಿಗಳು ಬರಲು ಇಂಥ ಎಡವಟ್ಟೂ ಒಂದು ಕಾರಣ. ಗರ್ಭಾವಧಿ ಸುಮಾರು 25 ದಿನ. ಹೆತ್ತ ಬೆನ್ನಲ್ಲೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು.

ಮಂಗೋಲಿಯಾದ ಒಣ ಹುಲ್ಲುಗಾವಲಿನಲ್ಲಿ ಬಿಲ ತೋಡಿ, ಕುಟುಂಬವಾಗಿ ಬಾಳುವ ಪ್ರಾಣಿಯಿದು. ದತ್ತು ಪಡೆಯುವವರು ಒಂಟಿಯಾಗಿ ತರದೆ, ಈಗಾಗಲೇ ಹೊಂದಿಕೊಂಡಿರುವ ಜೋಡಿಯನ್ನೇ ತರಬೇಕು. ಗಾಜಿನ ತೊಟ್ಟಿಯಲ್ಲಿ ಕನಿಷ್ಠ 20 ಸೆಂಟಿಮೀಟರ್ ಹಾಸು ತುಂಬಿದರೆ, ಅವು ಸುರಂಗ ಕೊರೆಯುವ ಸಡಗರ ನೋಡಬೇಕು!

ಬಾಲ ಹಿಡಿದು ಎತ್ತಲೇಬಾರದು. ಅದರ ಚರ್ಮ ಕಳಚಿ ಬರಬಹುದು, ಮತ್ತೆ ಬೆಳೆಯುವುದಿಲ್ಲ.

ಜರ್ಬಿಲ್‌ನಂತೆಯೇ ಮನೆಯಲ್ಲಿ ಸಾಕುವ ಸಿರಿಯನ್ ಹ್ಯಾಮ್‌ಸ್ಟರ್ ಲೆಕ್ಕವೇ ಬೇರೆ. ಅದಕ್ಕೆ ಒಂಟಿ ಬಾಳೇ ಕ್ಷೇಮ. ಪಂಜರದೊಳಗೆ ಇನ್ನೊಂದನ್ನು ಬಿಟ್ಟರೆ ಕಾದಾಟ ಸಾವಿನವರೆಗೂ ಹೋಗಬಹುದು.