ಹೋದ ತಿಂಗಳು ಹನ್ನೊಂದು, ಈ ತಿಂಗಳು ಹದಿನಾಲ್ಕು

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ನಡೆಸುವ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ವಾಕಿಂಗ್ ಹೋದ ದಿನಗಳು, ಉಳಿಸಿದ ದುಡ್ಡು, ಓದಿ ಮುಗಿಸಿದ ಪುಸ್ತಕ ಎಲ್ಲವನ್ನೂ ಅವರು ತಿಂಗಳ ಕೊನೆಗೆ ಡೈರಿಯಲ್ಲಿ ಬರೆದಿಡುತ್ತಾರೆ. “ಒಂದ್ ತಿಂಗಳ ಏರತೈತ್ರಿ, ಮತ್ತೊಂದ್ ತಿಂಗಳ ಇಳೀತೈತ್ರಿ. ನಾ ಸುಧಾರಿಸೀನೋ ಇಲ್ಲೋ, ಹೆಂಗ್ ತಿಳೀಬೇಕ್ರಿ?” ಇದಕ್ಕೆ ಉತ್ತರ ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಅವರ ಕಸುಬಿನಲ್ಲೇ ಚೆನ್ನಾಗಿ ಸಿಗುತ್ತದೆ.

ಬರೆದಿಡುವುದರಿಂದ ಉಪಯೋಗವುಂಟೇ ಎಂಬುದನ್ನು ಮೊದಲು ಮುಗಿಸಿಬಿಡೋಣ. ಉಂಟು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 138 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಅವುಗಳಲ್ಲಿ ಭಾಗವಹಿಸಿದ್ದವರು ಸುಮಾರು 20 ಸಾವಿರ ಜನ. ಎಷ್ಟು ದೂರ ಬಂದೆವೆಂದು ಆಗಾಗ ನೋಡಿಕೊಂಡವರು ಗುರಿಗೆ ಹೆಚ್ಚು ಹತ್ತಿರವಾಗಿದ್ದರು. ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಬರೆದಿಟ್ಟಾಗ ಮತ್ತು ನಾಲ್ಕು ಜನರಿಗೆ ತಿಳಿಸಿದಾಗ ಪರಿಣಾಮ ಇನ್ನೂ ಹೆಚ್ಚಿತ್ತು.

ಈ ಎರಡನ್ನೂ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಆ ವಿಶ್ಲೇಷಣೆಗೆ ಎಷ್ಟೋ ಮೊದಲೇ ಮಾಡುತ್ತಿದ್ದರು. ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆಯ ಸ್ವಸಹಾಯ ಗುಂಪುಗಳು ಹುಟ್ಟಿದ್ದು 1980ರ ದಶಕದ ನಡುವೆ. ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ವಾರದ ಸಭೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಸುತ್ತ ಕೂರುತ್ತಾರೆ. ಒಬ್ಬೊಬ್ಬರ ಹೆಸರು ಕರೆದಂತೆ ಉಳಿತಾಯದ ದುಡ್ಡು ಮುಂದೆ ಬರುತ್ತದೆ. ಬರೆಯಬಲ್ಲವರು ಅದನ್ನು ಪಾಸ್‌ಬುಕ್ಕಿಗೂ ದೊಡ್ಡ ಪುಸ್ತಕಕ್ಕೂ ಏರಿಸಿ, ಒಟ್ಟು ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಹಾರ್ಕಿನ್ ಕೊನೆಗೆ ಕಂಡುಕೊಂಡ ಎರಡು ಅಂಶಗಳೂ, ಬರಹ ಮತ್ತು ನಾಲ್ಕು ಜನರ ಕಣ್ಣು, ಆ ಚಾಪೆಯ ಮೇಲೆ ಒಟ್ಟಿಗೇ ಇವೆ.

ಹಾಗೆಂದು ಎಲ್ಲವನ್ನೂ ಎಣಿಸಬಾರದು. ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಆರು ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಚಿತ್ರಕ್ಕೆ ಬಣ್ಣ ತುಂಬುವುದು, ನಡೆಯುವುದು, ಓದುವುದು ಇಂಥ ಖುಷಿಯ ಕೆಲಸಗಳನ್ನು ಅಳೆಯತೊಡಗಿದರೆ ಜನ ಹೆಚ್ಚು ಮಾಡುತ್ತಾರೆ, ಆದರೆ ಕಡಿಮೆ ಸುಖಿಸುತ್ತಾರೆ. ಅಳತೆ ಆಟವನ್ನು ದುಡಿಮೆಯನ್ನಾಗಿ ಮಾಡಿಬಿಡುತ್ತದೆ. ಬದುಕು ತುಂಬಿಕೊಳ್ಳಲಿ ಎಂದು ಡೈರಿ ಹಿಡಿದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಉಳಿತಾಯ, ಆರೋಗ್ಯಕ್ಕೆಂದು ಮಾಡುವ ನಡಿಗೆ, ಔಷಧಿ ಇವು ಡೈರಿಗೆ ಹೋಗಲಿ. ಮಗಳ ಜೊತೆ ಕಳೆದ ಸಂಜೆಗಳಿಗೂ ರಾತ್ರಿ ಕೇಳಿದ ಸಂಗೀತಕ್ಕೂ ಅಲ್ಲಿ ಕಾಲಂ ಬೇಡ.

ಈಗ ಏರಿಳಿತದ ವಿಷಯ. ಇದನ್ನು ಬಿಡಿಸಿದವರು ವಾಲ್ಟರ್ ಶೂಹಾರ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ. ಅವರಿದ್ದದ್ದು ಟೆಲಿಫೋನ್ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ನೆಲದಡಿ ಹೂತ ಸಲಕರಣೆ ಕೆಟ್ಟರೆ ಅಗೆದು ತೆಗೆಯಬೇಕು, ಖರ್ಚು ವಿಪರೀತ. ಹಾಗಾಗಿ ಗುಣಮಟ್ಟದ ಚಿಂತೆ ಅಲ್ಲಿ ದೊಡ್ಡದಿತ್ತು. 1924ರ ಮೇ 16ರಂದು ಶೂಹಾರ್ಟ್ ತಮ್ಮ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರಿಗೆ ಒಂದೇ ಪುಟದ ಟಿಪ್ಪಣಿ ಕಳಿಸಿದರು. ಅದರ ಮೂರನೇ ಒಂದು ಭಾಗ ಬರೀ ಚಿತ್ರ. ಸಹಜ ಏರಿಳಿತವನ್ನು ನಿಜವಾದ ಬದಲಾವಣೆಯಿಂದ ಬೇರ್ಪಡಿಸುವ ಕಂಟ್ರೋಲ್ ಚಾರ್ಟ್ ಹುಟ್ಟಿದ್ದು ಆ ಪುಟದಲ್ಲಿ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಸ್ವಾತಂತ್ರ್ಯ ಬಂದ ಹೊಸದರಲ್ಲೇ ಶೂಹಾರ್ಟ್ ಭಾರತಕ್ಕೂ ಬಂದರು. ಇಲ್ಲಿನ ಕಾರ್ಖಾನೆಗಳಿಗೆ ಈ ವಿದ್ಯೆ ಹಬ್ಬಿಸುವ ಕೆಲಸವನ್ನು ಭಾರತೀಯ ಸಾಂಖ್ಯಿಕ ಸಂಸ್ಥೆ ಮಾಡಿತು. ಬೆಂಗಳೂರಿನಲ್ಲೂ ಅದರ ಘಟಕವಿದೆ.

ಲೇಥ್‌ನವರಿಗೆ ಇದು ಕೈಬೆರಳ ತುದಿಯ ವಿಷಯ. 25 ಮಿ.ಮೀ. ಶಾಫ್ಟ್ ತಿರುವಿ ಮೈಕ್ರೋಮೀಟರ್ ಹಿಡಿದರೆ ಒಂದು 25.01 ಬರುತ್ತದೆ, ಇನ್ನೊಂದು 24.99. ಯಂತ್ರ ಸರಿಯಾಗಿಯೇ ಇದೆ. ಬಾರ್, ಟೂಲ್, ಶಾಖ, ಕೈ ಎಲ್ಲ ಸೇರಿ ಇಷ್ಟು ಅಲ್ಲಾಡುವುದು ಅದರ ಸ್ವಭಾವ. ಹೊಸ ಹುಡುಗ 25.01 ಕಂಡ ಕೂಡಲೇ ಸೆಟ್ಟಿಂಗ್ ಇಳಿಸುತ್ತಾನೆ, ಮುಂದಿನದು 24.98 ಬಂದರೆ ಮತ್ತೆ ಏರಿಸುತ್ತಾನೆ. ಸ್ಥಿರವಾಗಿ ನಡೆಯುವ ಯಂತ್ರವನ್ನು ಹೀಗೆ ಪ್ರತಿ ತಪ್ಪಿಗೂ ಅಷ್ಟಷ್ಟೇ ತಿದ್ದುತ್ತ ಹೋದರೆ, ವೇರಿಯನ್ಸ್ ಎಂದು ಸಂಖ್ಯಾಶಾಸ್ತ್ರ ಕರೆಯುವ ಚದುರುವಿಕೆ ಸರಿಯಾಗಿ ಎರಡು ಪಟ್ಟಾಗುತ್ತದೆ. ಶೂಹಾರ್ಟ್‌ರ ಅನುಯಾಯಿ ಎಡ್ವರ್ಡ್ಸ್ ಡೆಮಿಂಗ್ ಒಂದು ಲಾಳಿಕೆಯಿಂದ ಗೋಲಿ ಬೀಳಿಸಿ ಸಾವಿರಾರು ಮ್ಯಾನೇಜರುಗಳಿಗೆ ಇದನ್ನೇ ತೋರಿಸಿದರು. ನಾನು ಓದಿದ ವಿಜ್ಞಾನದಲ್ಲಿ ಇಷ್ಟು ಸರಳವಾಗಿದ್ದೂ ಇಷ್ಟು ಕಣ್ಣು ತೆರೆಸಿದ ಸಂಗತಿಗಳು ಹೆಚ್ಚಿಲ್ಲ.

ಡೈರಿಗೂ ಅದೇ ನ್ಯಾಯ. ಉದಾಹರಣೆಗೆ, ಹತ್ತು ತಿಂಗಳಲ್ಲಿ ವಾಕಿಂಗ್ ಹೋದ ದಿನಗಳು ಹೀಗಿವೆ ಎನ್ನೋಣ: 14, 18, 12, 16, 19, 13, 15, 18, 11, 14. ಸರಾಸರಿ 15. ಒಂದು ತಿಂಗಳಿಗೂ ಅದರ ಹಿಂದಿನ ತಿಂಗಳಿಗೂ ಇರುವ ಅಂತರ ಬರೆಯಿರಿ: 4, 6, 4, 3, 6, 2, 3, 7, 3. ಇವುಗಳ ಸರಾಸರಿ 4.2. ಅದನ್ನು 2.66ರಿಂದ ಗುಣಿಸಿದರೆ ಹತ್ತಿರ ಹತ್ತಿರ 11. ಸರಾಸರಿಯ ಮೇಲೆ 11, ಕೆಳಗೆ 11, ಅಂದರೆ 26ಕ್ಕೆ ಒಂದು ಗೆರೆ, 4ಕ್ಕೆ ಒಂದು ಗೆರೆ. 2.66 ಆಕಾಶದಿಂದ ಬಿದ್ದದ್ದಲ್ಲ. ಯಾದೃಚ್ಛಿಕವಾಗಿ ತೆಗೆದ ಎರಡು ಅಳತೆಗಳ ಅಂತರ ಸರಾಸರಿಯಾಗಿ 1.128 ಸಿಗ್ಮಾ (ಸಿಗ್ಮಾ ಎಂದರೆ ವೇರಿಯನ್ಸ್‌ನ ವರ್ಗಮೂಲ) ಇರುತ್ತದೆ, ಶೂಹಾರ್ಟ್ ಮೂರು ಸಿಗ್ಮಾಕ್ಕೆ ಗೆರೆ ಎಳೆದರು, 3ನ್ನು 1.128ರಿಂದ ಭಾಗಿಸಿದರೆ 2.66.

ಈ ಎರಡು ಗೆರೆಗಳ ನಡುವೆ ಬಿದ್ದ ತಿಂಗಳುಗಳನ್ನು ಹೊಗಳಲೂ ಬೇಕಿಲ್ಲ, ಬೈಯಲೂ ಬೇಕಿಲ್ಲ. 19 ಆದಾಗ ಸಿಹಿ ಹಂಚಿ, 11 ಆದಾಗ ಹೊಸ ಶೂ, ಹೊಸ ಆ್ಯಪ್, ಹೊಸ ವೇಳಾಪಟ್ಟಿ ಎಂದು ಹೊರಡುವವರು ಸೆಟ್ಟಿಂಗ್ ತಿರುಗಿಸುತ್ತಲೇ ಇರುವ ಆ ಹುಡುಗನ ಕೆಲಸ ಮಾಡುತ್ತಿದ್ದಾರೆ. ಫೋನಿನ ಆ್ಯಪ್‌ಗಳ ಮೇಲೆ ನನಗಿರುವ ಸಿಟ್ಟೂ ಇದೇ: “ಹೋದ ತಿಂಗಳಿಗಿಂತ 27% ಹೆಚ್ಚು” ಎಂದು ಪಟಾಕಿ ಹಾರಿಸುವ ಅವು, ನಿಮ್ಮ ಸಹಜ ಏರಿಳಿತ ಎಷ್ಟೆಂದು ಹೇಳುವುದೇ ಇಲ್ಲ. “21 ದಿನದಲ್ಲಿ ಅಭ್ಯಾಸ” ಎಂಬ ಮಾತೂ ಇಂಥದ್ದೇ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ 96 ಜನರನ್ನು ಅಧ್ಯಯನ ಮಾಡಿದಾಗ ಅಭ್ಯಾಸ ಬೇರೂರಲು ಹಿಡಿದ ಕಾಲ 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವಿನ ಅಂಕಿ 66.

ಹಾಗಾದರೆ ನಿಜವಾದ ಬದಲಾವಣೆ ಹೇಗೆ ಕಾಣುತ್ತದೆ? ಒಂದು, ಅಂಕಿ ಗೆರೆ ದಾಟುತ್ತದೆ. 3 ದಿನ ಬಂದರೆ ಏನೋ ಆಗಿದೆ: ಜ್ವರ, ಮೊಣಕಾಲು ನೋವು, ಜುಲೈ ತಿಂಗಳ ಜಿಟಿಜಿಟಿ ಮಳೆ. ಆಗ ಕಾರಣ ಹುಡುಕಿ. ಎರಡು, ಸತತ ಎಂಟು ತಿಂಗಳು ಸರಾಸರಿಯ ಒಂದೇ ಪಕ್ಕದಲ್ಲಿ ಬೀಳುತ್ತವೆ. ನಾಣ್ಯ ಎಂಟು ಸಲ ಒಂದೇ ಮುಖ ಬೀಳುವ ಸಂಭವ 128ರಲ್ಲಿ ಒಂದು. ಹಾಗಾಗಿ 16, 17, 16, 18, 17, 16, 19, 17 ಎಂಬ ಸಾಲು ಕಂಡರೆ ಸುಧಾರಿಸಿದ್ದೀರಿ ಎಂದು ಧೈರ್ಯವಾಗಿ ಹೇಳಬಹುದು. ಇವುಗಳಲ್ಲಿ ಯಾವುದೂ 19ನ್ನು ದಾಟಿಲ್ಲ, ಗಮನಿಸಿ.

ಕೆಲಸದ ಪಾಳಿ ಬದಲಾದರೆ, ಅಂದರೆ ಹಗಲು ಪಾಳಿಯವರು ಖಾಯಂ ರಾತ್ರಿ ಪಾಳಿಗೆ ಹೋದರೆ, ಹಳೆಯ ಗೆರೆಗಳನ್ನು ಹಿಡಿದು ಕೂರಬೇಡಿ. ಅದು ಈಗ ಬೇರೆಯೇ ಯಂತ್ರ. ಐದಾರು ತಿಂಗಳ ಅಂಕಿ ಸೇರಿದ ಮೇಲೆ ಹೊಸ ಸರಾಸರಿ ತೆಗೆದು ಹೊಸ ಗೆರೆ ಎಳೆಯಿರಿ, ಹತ್ತಾದಾಗ ಇನ್ನೊಮ್ಮೆ ತಿದ್ದಿ. ಪೆನ್ಸಿಲ್ಲಿನಲ್ಲೇ ಎಳೆಯಿರಿ.