ಕಛೇರಿಯ ಸಂವಾದ ತಂತ್ರಾಂಶದಲ್ಲಿ ಆತ್ಮೀಯತೆ: ಒಂದು ಚಾರಿತ್ರಿಕ ವಿವೇಚನೆ

ಒಂದೇ ಸಂಸ್ಥೆಯಲ್ಲಿ ದುಡಿಯುತ್ತಿದ್ದರೂ ಒಬ್ಬರ ಮುಖವನ್ನೊಬ್ಬರು ಕಾಣದ ನೌಕರರು ಇಂದು ಬಹುಮಂದಿ ಇದ್ದಾರೆ. ಅವರ ನಡುವಣ ಮಾತುಕತೆ ಬಹುಮಟ್ಟಿಗೆ ಸ್ಲ್ಯಾಕ್, ಟೀಮ್ಸ್ ಮೊದಲಾದ ಸಂವಾದ ತಂತ್ರಾಂಶಗಳಲ್ಲಿ, ಬರವಣಿಗೆಯ ರೂಪದಲ್ಲಿಯೇ ನಡೆಯುತ್ತದೆ. ಇಂಥ ತಂತ್ರಾಂಶವು ಆಜ್ಞೆ ಮತ್ತು ವರದಿಗಳನ್ನು ಸಾಗಿಸುವ ಬರಿಯ ಯಂತ್ರವಾಗದೆ, ಮನುಷ್ಯರ ಸಾಮೀಪ್ಯವನ್ನು ಉಂಟುಮಾಡಬೇಕೆಂದು ತಯಾರಕರು ಶ್ರಮಿಸುತ್ತಾರೆ. ಈ ಪ್ರಯತ್ನವೇ ಹೊಸದೆಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆಯನ್ನು ನೋಡಿದರೆ ಹಾಗೆ ತೋರುವುದಿಲ್ಲ. ತಯಾರಕರು ಕೊಟ್ಟುದಕ್ಕಿಂತಲೂ ನೌಕರರು ತಾವಾಗಿ ತಂದುಕೊಂಡ ಆತ್ಮೀಯತೆಯೇ ಹೆಚ್ಚು. ಹೊಸದಾದುದು ಬೇರೊಂದುಂಟು, ಅದನ್ನು ಮುಂದೆ ಹೇಳುತ್ತೇನೆ.

1844ರಲ್ಲಿ ಮೋರ್ಸನು ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ ತಂತಿಯ ಸಂಪರ್ಕವನ್ನು ಏರ್ಪಡಿಸಿದ ಬಳಿಕ ತಂತಿ ಗುಮಾಸ್ತರೆಂಬ ಹೊಸದೊಂದು ವರ್ಗವೇ ಹುಟ್ಟಿತು. ಕೆಲಸವಿಲ್ಲದ ಹೊತ್ತಿನಲ್ಲಿ ಇವರು ದೂರದೂರಿನ ಗುಮಾಸ್ತರೊಡನೆ ತಂತಿಯ ಮೇಲೆಯೇ ಹರಟುತ್ತಿದ್ದರು. ಚುಕ್ಕೆ ಗೆರೆಗಳನ್ನು ಬಡಿಯುವ ಲಯ ಒಬ್ಬೊಬ್ಬರದು ಒಂದೊಂದು ಬಗೆ. ಕೈಬರಹವನ್ನು ಕಂಡು ಬರೆದವರನ್ನು ಗುರುತಿಸುವಂತೆ, ಆ ಸದ್ದನ್ನು ಕೇಳಿಯೇ ಆಚೆಯ ತುದಿಯಲ್ಲಿರುವವರು ಯಾರೆಂದು ಪಳಗಿದ ಗುಮಾಸ್ತರು ಹೇಳಬಲ್ಲವರಾಗಿದ್ದರು. ಸ್ವತಃ ತಂತಿ ಕಛೇರಿಯಲ್ಲಿ ದುಡಿದಿದ್ದ ಎಲಾ ಚೀವರ್ ಥೇಯರ್ ಎಂಬಾಕೆ 1879ರಲ್ಲಿ ಪ್ರಕಟಿಸಿದ ‘ವೈರ್ಡ್ ಲವ್’ ಕಾದಂಬರಿಯ ವಸ್ತು, ಹೀಗೆ ತಂತಿಯ ಮೇಲೆ ಮೊಳೆತ ಪ್ರಣಯವೇ ಆಗಿದೆ.

ಗಣಕಯಂತ್ರದ ಕಾಲಕ್ಕೆ ಬಂದರೆ, ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಬೋಧನಾ ವ್ಯವಸ್ಥೆಯಲ್ಲಿ 1973ರಲ್ಲಿ ಸಿದ್ಧವಾದ ಟಾಕೋಮ್ಯಾಟಿಕ್ ಗಮನಾರ್ಹವಾದುದು. ಒಂದು ಚಾನೆಲ್ಲಿನಲ್ಲಿ ಐವರು ಏಕಕಾಲದಲ್ಲಿ ಮಾತನಾಡಬಹುದಿತ್ತು. ಅಕ್ಷರವನ್ನು ಒತ್ತಿದೊಡನೆಯೇ ಅದು ಎಲ್ಲರ ಪರದೆಯ ಮೇಲೂ ಮೂಡುತ್ತಿದ್ದುದರಿಂದ, ಬರೆಯುವವರ ತಡವರಿಕೆ, ಅಳಿಸಿ ತಿದ್ದಿದ ತಪ್ಪು ಎಲ್ಲವೂ ಕಾಣುತ್ತಿದ್ದವು. ಇಂದಿನ ತಂತ್ರಾಂಶಗಳಲ್ಲಿ ‘ಇಂಥವರು ಬರೆಯುತ್ತಿದ್ದಾರೆ’ ಎಂದು ತೋರುವ ಸೂಚನೆ ಅದರ ಮಸುಕು ನೆರಳೆಂದು ನನ್ನ ಅಭಿಪ್ರಾಯ.

ಬರವಣಿಗೆಯಲ್ಲಿ ದನಿ ಕೇಳಿಸದಿರುವುದರಿಂದ ಆಗುವ ತೊಂದರೆಯೂ ಬೇಗನೆ ಬೆಳಕಿಗೆ ಬಂದಿತು. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಗಣಕ ಸೂಚನಾಫಲಕದಲ್ಲಿ ಲಿಫ್ಟು ಮತ್ತು ಪಾದರಸವನ್ನು ಕುರಿತ ಪರಿಹಾಸವೊಂದು ನಿಜವಾದ ಅಪಾಯದ ಎಚ್ಚರಿಕೆಯೆಂಬ ಭ್ರಮೆಗೆ ಎಡೆಗೊಟ್ಟಿತು. ಆ ಚರ್ಚೆಯಲ್ಲಿ, 1982ರ ಸೆಪ್ಟೆಂಬರ್ 19ರಂದು, ಸ್ಕಾಟ್ ಫಾಲ್ಮನ್ ಎಂಬ ವಿದ್ವಾಂಸರು ಹಾಸ್ಯದ ಮಾತಿಗೆ :-) ಎಂಬ ಗುರುತನ್ನು ಹಾಕಬಹುದೆಂದು ಸೂಚಿಸಿದರು. ಕಳೆದುಹೋಗಿದ್ದ ಆ ಸಂದೇಶವನ್ನು ಹಳೆಯ ಟೇಪುಗಳಿಂದ 2002ರಲ್ಲಿ ಹೊರತೆಗೆಯಲಾಯಿತು.

ಇನ್ನು ಸ್ಲ್ಯಾಕ್. ಅದರ ಹುಟ್ಟು ವಿಚಿತ್ರವಾದುದು. ಸ್ಟುವರ್ಟ್ ಬಟರ್‌ಫೀಲ್ಡ್ ಎಂಬುವರು ಎರಡು ಸಲ ಗಣಕದ ಆಟವೊಂದನ್ನು ಕಟ್ಟಲು ಹೊರಟು, ಎರಡು ಸಲವೂ ಬೇರೆಯದನ್ನೇ ಕಟ್ಟಿದರು. ಮೊದಲ ಆಟದಿಂದ 2004ರಲ್ಲಿ ಫ್ಲಿಕರ್ ಎಂಬ ಚಿತ್ರಸಂಗ್ರಹ ಹೊರಬಂದಿತು. ಎರಡನೆಯ ಆಟ ‘ಗ್ಲಿಚ್’ 2011ರಲ್ಲಿ ತೆರೆದು 2012ರಲ್ಲಿ ಮುಚ್ಚಿಹೋಯಿತು. ಅದನ್ನು ಕಟ್ಟಿದ ಟೈನಿ ಸ್ಪೆಕ್ ಸಂಸ್ಥೆಯವರು ಬೇರೆ ಬೇರೆ ನಗರಗಳಲ್ಲಿದ್ದುದರಿಂದ, ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರಚಿಸಿದ ಐ.ಆರ್.ಸಿ. ಎಂಬ ಹರಟೆಯ ವ್ಯವಸ್ಥೆಯನ್ನು ಬಳಸುತ್ತಿದ್ದರು. ಅದರಲ್ಲೊಂದು ಕೊರತೆ: ಗೈರುಹಾಜರಾದವರಿಗೆ ಆಗಿಹೋದ ಮಾತು ದೊರೆಯುತ್ತಿರಲಿಲ್ಲ. ಆದಕಾರಣ ಮಾತನ್ನು ಕೂಡಿಡುವ, ಹುಡುಕಿ ತೆಗೆಯುವ ಸಾಧನಗಳನ್ನು ತಮಗಾಗಿ ಮಾಡಿಕೊಂಡರು. ಆಟ ಸತ್ತಿತು, ಸಾಧನ ಉಳಿಯಿತು. 2013ರ ಆಗಸ್ಟಿನಲ್ಲಿ ಸ್ಲ್ಯಾಕನ್ನು ಪ್ರಾಯೋಗಿಕವಾಗಿ ಪ್ರಕಟಿಸಿದಾಗ ಒಂದೇ ದಿನದಲ್ಲಿ 8,000 ಮನವಿಗಳು ಬಂದುವಂತೆ. ನಮ್ಮ ದೇಶದ ತಂತಿ ಸೇವೆ ನಿಂತುಹೋದುದು ಅದೇ ವರ್ಷದ ಜುಲೈ ತಿಂಗಳಲ್ಲಿ ಎಂಬುದು ಕೇವಲ ಕಾಕತಾಳೀಯವಾದರೂ ನೆನೆಯತಕ್ಕುದು.

ಆಟ ಕಟ್ಟಿದವರ ಮನೋಧರ್ಮ ಈ ತಂತ್ರಾಂಶದಲ್ಲಿ ಉಳಿದುಕೊಂಡಿತು. ತೆರೆಯುವಾಗ ಕಾಣುವ ಲಘುವಾದ ಸ್ವಾಗತವಾಕ್ಯ, ತಮಾಷೆಯಾಗಿ ಉತ್ತರಿಸುವ ಸ್ಲ್ಯಾಕ್‌ಬಾಟ್ ಎಂಬ ಯಂತ್ರಸಹಾಯಕ, ಇವೆಲ್ಲ ತಯಾರಕರ ಕೊಡುಗೆ. ಮೊದಲ ವಾರ ಇವು ನಗು ತರಿಸುತ್ತವೆ. ಆಮೇಲೆ ಯಾರೂ ಗಮನಿಸುವುದಿಲ್ಲ. ನೌಕರರು ತಾವೇ ಚಿತ್ರ ಬರೆದು ಇಮೋಜಿಯಾಗಿ ಸೇರಿಸಬಹುದೆಂಬ ಸೌಲಭ್ಯ ಬಾಳಿಕೆಯ ದೃಷ್ಟಿಯಿಂದ ಬಹಳ ಮುಖ್ಯವಾದುದು. ಒಂದು ಕಛೇರಿಯ ಒಳಮಾತು, ಆ ಕಛೇರಿಯವರಿಗೆ ಮಾತ್ರ ಅರ್ಥವಾಗುವ ಹಳೆಯ ಪರಿಹಾಸ, ಒಂದು ಸಣ್ಣ ಚಿತ್ರವಾಗಿ ನೆಲೆಸುತ್ತದೆ. ಹೊಸಬನು ಅದರ ಅರ್ಥವನ್ನು ಕೇಳಿ ತಿಳಿದಂದು ಆ ಗುಂಪಿನವನಾಗುತ್ತಾನೆ. ಇದನ್ನು ತಯಾರಕರು ಮೊದಲೇ ಮಾಡಿ ಕೊಡಲಾಗದು. ಅದಕ್ಕೆ ಎಡೆ ಬಿಡಬಹುದು, ಅಷ್ಟೆ.

ಈಗ ಹೊಸ ಸಂಗತಿ. ತಂತಿಯ ಹರಟೆ ಆ ಕ್ಷಣವೇ ಗಾಳಿಗೆ ಹೋಗುತ್ತಿತ್ತು. ಇಲ್ಲಿ ಹಾಗಲ್ಲ. ಸ್ಲ್ಯಾಕ್ ಎಂಬ ಹೆಸರನ್ನು ಬಿಡಿಸಿದರೆ ‘ಎಲ್ಲ ಸಂಭಾಷಣೆ ಮತ್ತು ಜ್ಞಾನದ, ಹುಡುಕಲು ಬರುವ ದಾಖಲೆ’ ಎಂದು ಅರ್ಥವಾಗುತ್ತದೆ. ಮಾತನ್ನು ಎಷ್ಟು ಕಾಲ ಇಡಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರ ಮುಖ್ಯವಾಗಿ ಸಂಸ್ಥೆಯ ಆಡಳಿತದ ಕೈಯಲ್ಲಿದೆ. 2018ರ ಏಪ್ರಿಲ್ ತಿಂಗಳಲ್ಲಿ ಬದಲಾದ ನಿಯಮಗಳಂತೆ, ಕಾನೂನಿನ ಕಟ್ಟುಪಾಡಿಗೊಳಪಟ್ಟು, ಕೆಲವು ಬಗೆಯ ಚಂದಾದಾರ ಸಂಸ್ಥೆಗಳು ನೌಕರರ ಖಾಸಗಿ ಸಂದೇಶಗಳನ್ನೂ ಪಡೆಯುವ ಸಾಧನವನ್ನು ಕೋರಬಹುದಾಯಿತು. ಅಂಥ ಸಂದರ್ಭದಲ್ಲಿ ತಂತ್ರಾಂಶವೇ ನೌಕರರಿಗೆ ತಿಳಿಸುತ್ತಿದ್ದ ಹಿಂದಿನ ಏರ್ಪಾಡು ತಪ್ಪಿತು. ಚರಿತ್ರೆಯ ವಿದ್ಯಾರ್ಥಿಗೆ ಇಂಥ ಸಂಗ್ರಹ ಆಸೆ ಹುಟ್ಟಿಸುವಂಥದು. ಫಾಲ್ಮನ್ನರ ಸಂದೇಶ ಸಿಕ್ಕಿದುದಕ್ಕೆ ನಾವು ಸಂತೋಷಪಡುವುದಿಲ್ಲವೆ? ಆದರೆ ಸಲಿಗೆಯಿಂದ ಆಡಿದ ಮಾತನ್ನು ಕೆಲಸ ಕೊಡುವ ಮತ್ತು ಕಸಿಯುವ ಅಧಿಕಾರವುಳ್ಳವರು ಓದುವುದು ಬೇರೆಯ ಮಾತು. ತಂತ್ರಾಂಶ ಎಷ್ಟು ಆತ್ಮೀಯವಾಗಿ ತೋರುತ್ತದೆಯೋ ಅಷ್ಟು ನಿಸ್ಸಂಕೋಚವಾಗಿ ನೌಕರನು ಬರೆಯುತ್ತಾನೆ. ಖಾಸಗಿ ಚಾನೆಲ್ಲಿನ ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರವೊಂದಿರುತ್ತದೆ. ಅದು ಚಾನೆಲ್ಲಿಗೆ ಸೇರದ ಸಹೋದ್ಯೋಗಿಗಳನ್ನು ಹೊರಗಿಡುವ ಬೀಗ, ಸಂಸ್ಥೆಯನ್ನು ಹೊರಗಿಡುವುದಲ್ಲ.