ಫಾರಿನ್ ‘ಫ್ರೀ ಸೀಟು’: ಹಾವೇರಿಯ ಪೋಷಕರಿಗೆ ಒಂದಿಷ್ಟು ಲೆಕ್ಕ

“ನಮ್ಮ ಹುಡುಗಿಗೆ ಫಾರಿನ್‌ನಾಗ ಫ್ರೀ ಡಾಕ್ಟರ್ ಸೀಟ್ ಕೊಡ್ತಾರಂತ್ರಿ, ಖರೇನೋ ಸುಳ್ಳೋ?” ನೀಟ್ ಫಲಿತಾಂಶ ಬಂದ ಮೇಲೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಪೋಷಕರು ಕೇಳುವ ಪ್ರಶ್ನೆ ಇದು. ಏಜೆಂಟರ ಕರಪತ್ರದಲ್ಲಿ ‘ಸ್ಕಾಲರ್‌ಶಿಪ್’ ಎಂದು ದಪ್ಪಕ್ಷರದಲ್ಲಿರುತ್ತದೆ. ಒಳಗೆ ನೋಡಿದರೆ ಹೆಚ್ಚಿನ ಸಲ ಅದು ಶುಲ್ಕದಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೆ. ಜವಳಿ ಅಂಗಡಿಯ ಆಷಾಢದ ರಿಯಾಯಿತಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ನಮಗೆ ಕಾಣುವುದಿಲ್ಲ.

ನಿಜವಾಗಿಯೂ ಉಚಿತವಾದ ವಿದೇಶಿ ವೈದ್ಯಕೀಯ ಸೀಟು ಜಗತ್ತಿನಲ್ಲಿ ಇಲ್ಲವೆಂದಲ್ಲ. ಕ್ಯೂಬಾದ ಹವಾನಾದಲ್ಲಿ 1999ರಲ್ಲಿ ಆರಂಭವಾದ ಲ್ಯಾಟಿನ್ ಅಮೆರಿಕನ್ ವೈದ್ಯಕೀಯ ಶಾಲೆಯೇ ಉದಾಹರಣೆ. 1998ರ ಭೀಕರ ಚಂಡಮಾರುತಗಳ ನಂತರ ಹುಟ್ಟಿದ ಈ ಶಾಲೆಯಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಪಾಠ, ವಸತಿ, ಊಟ ಎಲ್ಲ ಉಚಿತ. ಕಲಿತು ಮುಗಿಸಿ, ವೈದ್ಯರಿಲ್ಲದ ಊರುಗಳಿಗೆ ಹೋಗಿ ಕೆಲಸ ಮಾಡಬೇಕೆನ್ನುವುದು ಅದರ ಉದ್ದೇಶ. ಅಮೆರಿಕದ ಬಡ ವಿದ್ಯಾರ್ಥಿಗಳೂ ಅಲ್ಲಿ ಓದಿ ಬಂದಿದ್ದಾರೆ. ಆದರೆ ಪಾಠ ಸ್ಪ್ಯಾನಿಷ್ ಭಾಷೆಯಲ್ಲಿ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ವಿದೇಶದ ಕೋರ್ಸ್ ಇಂಗ್ಲಿಷ್ ಮಾಧ್ಯಮದ್ದೇ ಆಗಿರಬೇಕು. ಕನಿಷ್ಠ 54 ತಿಂಗಳ ಪಾಠ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಊರಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಅಂದರೆ ಸರ್ಕಾರಗಳು ತಮ್ಮ ಭಾಷೆಯಲ್ಲಿ ಪುಕ್ಕಟೆ ಕಲಿಸುವ ಸೀಟು ನಮ್ಮ ಮಕ್ಕಳಿಗೆ ಇಲ್ಲಿ ಪ್ರಾಕ್ಟೀಸಿಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಕಲಿಸುವ ಸೀಟಿಗೆ ಹೆಚ್ಚಾಗಿ ದುಡ್ಡು ಎಣಿಸಿಯೇ ಕೊಡಬೇಕು.

ಇನ್ನು ನಮ್ಮ ದೇಶದ ಸಹಾಯ. ಅಲ್ಪಸಂಖ್ಯಾತರ ‘ಪಢೋ ಪರದೇಶ್’ ಬಡ್ಡಿ ಸಹಾಯಧನವನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. ಅದು ಇದ್ದಾಗಲೂ ಸ್ನಾತಕೋತ್ತರ ಮತ್ತು ಪಿಎಚ್.ಡಿ.ಯವರಿಗೆ ಮಾತ್ರ, ಎಂಬಿಬಿಎಸ್‌ಗೆ ಅಲ್ಲ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶಿ ವ್ಯಾಸಂಗಕ್ಕೆ ಗರಿಷ್ಠ 20 ಲಕ್ಷ ರೂಪಾಯಿಯ ಯೋಜನೆ ಇದೆ, ಆದರೆ ಅದು ಸಾಲ. ಆಸ್ತಿಯ ಭದ್ರತೆ ಕೇಳುತ್ತಾರೆ. ಎರಡೆಕರೆ ಗೋವಿನಜೋಳದ ಹೊಲವೇ ಗತಿಯಾದ ಮನೆಯವರು ಅದನ್ನು ಅಡವಿಡುವ ಮೊದಲು ಹತ್ತು ಸಲ ಯೋಚಿಸಲಿ. ಯಾಕೆಂದರೆ ಓದಿ ಬಂದ ಮೇಲೆ ಇಲ್ಲಿನ ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಬೇಕು. 300 ಪ್ರಶ್ನೆ, 150 ಅಂಕ ಬೇಕೇ ಬೇಕು. 2024ರ ಜೂನ್ ಪರೀಕ್ಷೆಯಲ್ಲಿ ದಾಟಿದವರು ಸುಮಾರು ಐವರಲ್ಲಿ ಒಬ್ಬರು.

ಈ ಜಿಲ್ಲೆಗೆ ಇದು ಬರೀ ಲೆಕ್ಕದ ಮಾತಲ್ಲ. ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. ಊಟದ ಸಾಮಾನು ತರಲು ಹೋಗಿದ್ದಾಗ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಮಗ ಶೇ 97 ಅಂಕ ತೆಗೆದಿದ್ದರೂ ಇಲ್ಲಿ ಸೀಟು ಸಿಗಲಿಲ್ಲ, ಖಾಸಗಿಯವರು ಕೇಳಿದ ಕೋಟಿ ನಮ್ಮ ಕೈಗೆಟಕಲಿಲ್ಲ ಎಂದು ಅವನ ತಂದೆ ಆಗ ಹೇಳಿದ್ದನ್ನು ಇಡೀ ದೇಶ ಕೇಳಿತು. ಅವನ ಮೃತದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೇ ದಾನ ಮಾಡಿದರು.

ಅದೇ ವರ್ಷ ಹಾವೇರಿ ಪಕ್ಕದ ನೆಲೋಗಲ್‌ನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 150 ಸೀಟುಗಳ ಪ್ರವೇಶ ಶುರುವಾಯಿತು. ವರ್ಷದ ಶುಲ್ಕ 60 ಸಾವಿರದ ಆಸುಪಾಸು. ಕರಾವಳಿಯ ನಮಗೆ ಈ ವಿಷಯದಲ್ಲಿ ಸ್ವಲ್ಪ ಹೊಟ್ಟೆಕಿಚ್ಚೇ ಅನ್ನಿ: ಮಂಗಳೂರಿನ ಸುತ್ತ ಕೆಎಂಸಿ, ಯೆನೆಪೋಯ, ಕಣಚೂರು ಎಂದು ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲೇ ಇದೆ, ದಕ್ಷಿಣ ಕನ್ನಡದಲ್ಲಿ ಸರ್ಕಾರದ್ದು ಒಂದೂ ನಡೆಯುತ್ತಿಲ್ಲ.

ಹಾಗಾಗಿ ನಾವು ಹೇಳುವುದು, ಪಾಸ್‌ಪೋರ್ಟಿಗಿಂತ ಮೊದಲು ಕೆಇಎ ಕೌನ್ಸೆಲಿಂಗಿನ ಕಾಗದ ಸರಿ ಮಾಡಿಸಿ. ಮುಸ್ಲಿಮರ 2ಬಿ ಮೀಸಲಾತಿ ಶೇ 4. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ ರದ್ದು ಮಾಡಿದರೂ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಆ ಆದೇಶ ಜಾರಿಯಾಗಲಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಉರ್ದು ಶಾಲೆಯ ಮಕ್ಕಳಿಗೆ ಈ ಕನ್ನಡ ಕೋಟಾ ಸಿಗದು, ಆದರೆ ಶಾಲೆ ಹಳ್ಳಿಯದ್ದಾದರೆ ಗ್ರಾಮೀಣ ಕೋಟಾ ಉಂಟು. ಇದು ಗೊತ್ತಿಲ್ಲದೆ ಕಾಲಂ ಖಾಲಿ ಬಿಡಬೇಡಿ. ಸೀಟು ಸಿಕ್ಕವರಿಗೆ ನಿಗಮದ ‘ಅರಿವು’ ಸಾಲ ಇದೆ. ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ 1983ರಿಂದ ನಡೆಸುತ್ತಿರುವ ವಿದ್ಯಾರ್ಥಿವೇತನವೂ ಹೆಸರಿಗೆ ವಿದೇಶದ್ದಾದರೂ ಭಾರತದ ಮಕ್ಕಳಿಗೆ ಭಾರತದಲ್ಲೇ ವೈದ್ಯಕೀಯ ಓದಲು ಬಡ್ಡಿಯಿಲ್ಲದ ಸಾಲವಾಗಿ ಬಂದಿದೆ.

ಇಷ್ಟರ ಮೇಲೂ ಹೊರಗೆ ಹೋಗಲೇಬೇಕಾದರೆ ನೀಟ್ ಅರ್ಹತೆ ಕಡ್ಡಾಯ. ಅದು ಬೇಡ ಎಂದ ಏಜೆಂಟನಿಗೆ ಚಹಾ ಕುಡಿಸಿ ಕಳುಹಿಸಿಬಿಡಿ. ಉಳಿದವರಿಂದ ಮೂರು ಮಾತನ್ನು ಬರೆಸಿಕೊಳ್ಳಿ: ಮೊದಲ ವರ್ಷದಿಂದ ಕೊನೆಯವರೆಗೂ ಪಾಠ ಇಂಗ್ಲಿಷಿನಲ್ಲೇ ಇದೆಯೇ, ಇಂಟರ್ನ್‌ಶಿಪ್ ಅದೇ ಕಾಲೇಜಿನಲ್ಲೇ ಆಗುತ್ತದೆಯೇ, ಸ್ಕಾಲರ್‌ಶಿಪ್ ಎಂದದ್ದು ಎರಡನೇ ವರ್ಷಕ್ಕೂ ಉಂಟೋ ಇಲ್ಲವೋ.